ಕೊನೆಗೆ ಇಳಿಯುವ ಹುಡುಗಿ

...ನನ್ನ ಎರಡು ಕಣ್ಣಾಣೆ ಮೇಡಂ, ನಡೆದದ್ದು ನಡೆದ ಹಾಗೇ ಹೇಳ್ತಿರೋದು! ಬರ್ಕೊಳ್ಳಿ. ನಾನು ಈಜು ಸಂಘದ ವ್ಯಾನ್ ಡ್ರೈವರ್ರು. ಗಾಡಿ ನಂದೇ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಎಲ್ಲಾ ಮಕ್ಕಳ ಮನೆ ಬಾಗಿಲಿಗೆ ನಿಲ್ಲಿಸ್ತೀನಿ. ಒಂದು ಮಗೂಗೂ ತರಚಿದ ಗಾಯ ಆಗಿಲ್ಲ... ಏನು? ಅಲ್ಲಲ್ಲ, ಗಾಡಿ ಗುದ್ದಿ ಗಾಯ ಆಗಿಲ್ಲ ಅಂದೆ. ನೀವು ಬಂದಿರೋದು ಮಕ್ಕಳ ದೂರು ವಿಚಾರಿಸೋಕೆ, ಗೊತ್ತು.

ಈಜು ಮೇಷ್ಟ್ರ ವಿಷ್ಯ ತಾನೆ? ದಿನಾ ಮಕ್ಕಳ ಜೊತೆ ನನ್ನ ಗಾಡೀಲೇ ಬರೋನು. ಮೊದಲು ಬಾಯಿ ಬಿಟ್ಟೋನು ನಾನೇ! ಇಡೀ ಸಂಘದಲ್ಲಿ ಇನ್ಯಾರಿಗಿತ್ತು ಆ ಗುಂಡಿಗೆ? ಆ ಹುಡುಗಿ... ರೇಡಿಯೋ ಅಂತಿದ್ದೆ ನಾನು, ಹತ್ತಿದಾಗಿಂದ ಇಳಿಯೋವರೆಗೂ ವಟವಟ. ಅಂಥೋಳು ಒಂದಿನ ಹಿಂದಿನ ಸೀಟಿಂದ ಇಳಿದ್ರೆ ಮಾತೇ ಇಲ್ಲ! 'ಏನೇ, ಬ್ಯಾಟ್ರಿ ಮುಗೀತಾ?' ಅಂದೆ. ನಗಲಿಲ್ಲ. 'ತಾತಾ, ನನ್ನ ಮೇಷ್ಟ್ರ ಪಕ್ಕ ಕೂರಿಸ್ಬೇಡ' ಅಂತು. ಅಷ್ಟೇ. ನನಗೇನು ತಲೆ ಇಲ್ವಾ? ನೆಟ್ಟಗೆ ಸಂಘದ ಕಾರ್ಯದರ್ಶಿ ಮನೆಗೇ ನುಗ್ಗಿದೆ. 'ಸಾರ್, ಆ ಮನುಷ್ಯ ಸರಿ ಇಲ್ಲ' ಅಂದೆ. ಊಟಕ್ಕೆ ಕೂತಿದ್ದ, ತಲೆ ಕೂಡ ಎತ್ತಲಿಲ್ಲ. 'ಪಂದ್ಯ ಮುಗೀಲಿ, ಆಮೇಲೆ ನೋಡೋಣ. ನೀನು ಗಾಡಿ ಓಡಿಸು ಸಾಕು' ಅಂದ. ಚೆನ್ನಾಗಿ ಉಗಿದು ಬಂದೆ!

...ಹ್ಞೂಂ, ಮನಸ್ಸಲ್ಲೇ. ಹಾಗೇನು ನೋಡ್ತೀರಿ? ಕೆಲ್ಸ ಹೋದ್ರೆ ನೀವು ಕೊಡಿಸ್ತೀರಾ?

ಈಗ ಆ ಕೂಸಿನ ಮಾತು ಯಾರೂ ನಂಬ್ತಿಲ್ವಂತೆ. 'ಅವಳ ಮನೆ ಈಜುಕೊಳದಿಂದ ಎರಡು ತಿರುವು ದಾಟಿದ್ರೆ ಸಿಗುತ್ತೆ, ಎಲ್ಲರಿಗಿಂತ ಮೊದಲು ಇಳೀತಾಳೆ, ಗಾಡೀಲಿ ಯಾವಾಗ ಒಬ್ಬಳೇ ಇದ್ಲು?' ಅಂತಾನಂತೆ ಮೇಷ್ಟ್ರು. ಹತ್ತಿರದ ಮನೆ ಅವಳದೇ, ಹೌದು. ಮೊದಲು ಇಳೀಬೇಕಾದೋಳು ಅವಳೇ...

ಯಾಕೆ, ಪೆನ್ನು ಕೆಳಗಿಟ್ರಿ?

ಇಳಿಸ್ತಿದ್ದೆ ಮೇಡಂ! ಮೊದಮೊದಲು ಮೊದಲೇ ಇಳಿಸ್ತಿದ್ದೆ. ಆಮೇಲೆ ಅವನೇ 'ಇವಳನ್ನ ಕೊನೇಗೆ ಬಿಡು' ಅಂದ. ಮೇಷ್ಟ್ರು ಹೇಳಿದ್ಮೇಲೆ ಡ್ರೈವರ್ ಕೇಳ್ಬೇಕಲ್ವಾ? ಅಲ್ವಾ?... ಏನಾದ್ರೂ ಅನ್ನಿ ತಾಯಿ. ಬಯ್ರಿ ಬೇಕಾದ್ರೆ. ಏನಂದ್ರಿ?... ಅವಳು ಹೇಳಿದ ಮೇಲೂನಾ?

ಹ್ಞೂಂ. ಅವಳು ಹೇಳಿದ ಮೇಲೂ. ಪಂದ್ಯ ಮುಗಿಯೋವರೆಗೂ ಕೊನೇಗೇ ಇಳಿಸ್ದೆ. ಎಲ್ಲಾ ಮಕ್ಕಳೂ ಇಳಿದು ಗಾಡಿ ಖಾಲಿ, ಹಿಂದೆ ಅವರಿಬ್ಬರೇ. ನಾನು ತಿರುಗಿ ನೋಡ್ಲಿಲ್ಲ. ರಸ್ತೆ ನೋಡ್ಕೊಂಡು ಓಡಿಸ್ದೆ.

ನನಗೇನೋ ಲಾಭ ಅಂದ್ಕೋಬೇಡಿ! ದೂರದ ಮಗೂನ ಇಳಿಸೋ ಬೀದೀಲೇ ನನ್ನ ಮನೆ. ಅವಳಿಗೋಸ್ಕರ ಅಲ್ಲಿಂದ ಪುನಃ ವಾಪಸ್ಸು ಬರ್ಬೇಕು. 'ಡೀಸೆಲ್ ದುಡ್ಡು ನಾನು ಕೊಡ್ತೀನಿ' ಅಂದಿದ್ದ ಮೇಷ್ಟ್ರು. ಕೊಡಲಿಲ್ಲ ಕಳ್ಳ ನನ್ಮಗ, ಬಿಡಿಗಾಸೂ ಕೊಡಲಿಲ್ಲ. ಎಲ್ಲಾ ನನ್ನ ಜೇಬಿಂದ್ಲೇ ಹೋಯ್ತು ಮೇಡಂ... ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ.