ಬಂದವರನ್ನೇ ಕೇಳಿದ್ದು

ಬಸ್ಸಿಗೆ ಕಾಯುತ್ತಿದ್ದ ದರ್ಜಿ ಬೇಕೆಂದೇನೂ ಕೇಳಿಸಿಕೊಂಡದ್ದಲ್ಲ. ಕಿವಿಗೆ ಗುಂಡಿ ಹಾಕಲಾಗುತ್ತದೆಯೇ? ಬೆಂಚಿನ ಆ ತುದಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಹಿರಿಯ ಮೇಷ್ಟ್ರು, ಕಿರಿಯ ಟೀಚರು ಕೂತಿದ್ದರು.

“ಈ ತಿಂಗಳ ಸಭೆಗೂ ನಾವಿಬ್ಬರೇ ಸಾರ್. ನಮ್ಮ ಶಿಕ್ಷಕರ ಬಳಗಕ್ಕೆ ಬಾಗಿಲು ಹಾಕೋಣ.”

“ಹೋದ ವರ್ಷ ಕೇಳಿದಾಗ ಎಲ್ಲರೂ ತುಂಬಾ ಉಪಯೋಗ ಆಗ್ತಿದೆ ಅಂದಿದ್ರಲ್ಲಮ್ಮ?”

“ಕೇಳಿದ್ದು ಸಭೆಗೆ ಬಂದವರನ್ನ. ಬರೋದು ಬಿಟ್ಟವರನ್ನ ಕೇಳಲೇ ಇಲ್ಲ.”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಸಮೀಕ್ಷೆ ಮಾಡುವಾಗ ಹೀಗೆ ಕೇಳಬಾರದು ಅಂತ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡ್ತೀವಿ! ಈಗ ಅವರನ್ನ ಕೇಳಿದ್ರೆ?”

“ಕೇಳಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ.”

“ಮತ್ತೆ ನೀನ್ಯಾಕಮ್ಮ ಬರ್ತೀಯ?”

“ನೀವೊಬ್ಬರೇ ಕೂತಿರ್ತೀರಲ್ಲ ಅಂತ.”

“ಅಯ್ಯೋ, ನೀನೊಬ್ಬಳೇ ಆಗ್ತೀಯ ಅಂತ ನಾನು ಬರ್ತಿದ್ದೆ.”

ಮುಂದಿನ ತಿಂಗಳು ಮತ್ತೆ ಸೇರುವ ಮಾತು ಬರುತ್ತದೇನೋ ಎಂದು ದರ್ಜಿ ಕಾದ. ಅವರ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಆ ಮಾತು ಬರಲಿಲ್ಲ.