ಮುಚ್ಚಳಕ್ಕಾಗಿ ಹಿಂದಕ್ಕೆ ಈಜಿದವರು

ಸಭೆಯಲ್ಲಿ ನೆರೆದಿರುವ ಹಿರಿಯರಿಗೆ, ಈಜುಕೊಳದ ಮಕ್ಕಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಭಾವನಿಗೆ, ಅವರ ಮಗಳಿಗೆ — ನಮಸ್ಕಾರ. ನಾನು ದೋಣಿ ನಡೆಸುವವನು. ಮೈಕು ಅಭ್ಯಾಸವಿಲ್ಲ. ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ಹೀಗಾಗಿದೆ. ಕಿವಿಗೆ ಬಡಿದರೆ ಹಿಂದೆ ಹೋಗಿ ಕೂತುಕೊಳ್ಳಿ.

ಇವತ್ತು ನಾವು ನೆನೆಯಲು ಸೇರಿರುವ ಅಕ್ಕನನ್ನು ನೀವೆಲ್ಲ ಈಜುಗಾರ್ತಿ ಅಂತ ಬಲ್ಲಿರಿ. ನನಗೆ ಅವರು ನಮ್ಮ ಬಂದರು ಕಚೇರಿಯ ಟೈಪಿಸ್ಟು, ಮೀನಕ್ಕ. ಆ ಅಡ್ಡಹೆಸರು ಇಟ್ಟವನೂ ನಾನೇ. "ಮೀನಿಗೇನಪ್ಪ, ಈಜಿದ್ರೆ ಮುಗೀತು. ನಾನು ಈಜಿ, ಆಮೇಲೆ ಭಾಷಣಾನೂ ಮಾಡ್ಬೇಕು" ಅನ್ನುತ್ತಿದ್ದರು. ಸಮುದ್ರಕ್ಕೆ ಕಸ ಹಾಕಬೇಡಿ ಅಂತ ಹೇಳುವುದಕ್ಕೇ ಅವರು ಈಜುತ್ತಿದ್ದದ್ದು. ಬರೀ ಹೇಳಿದರೆ ಯಾರೂ ಕೇಳುವುದಿಲ್ಲ, ಮೈಲಿಗಟ್ಟಲೆ ಈಜಿ ಬಂದು ಹೇಳಿದರೆ ಒಂದಿಷ್ಟು ಜನ ನಿಂತು ಕೇಳುತ್ತಾರೆ — ಇದು ಅವರ ಲೆಕ್ಕಾಚಾರ. ಪಕ್ಕದಲ್ಲಿ ನಾನು ದೋಣಿ ನಡೆಸುತ್ತಿದ್ದೆ. ಭಾವ, ಅವರ ಯಜಮಾನರು, ವೃತ್ತಿಯಲ್ಲಿ ದರ್ಜಿ — ದೋಣಿಯಲ್ಲಿ ಕೂತು ಕುಡಿಯಲು ಕೊಡುತ್ತಿದ್ದರು.

ಈ ಈಜಿಗೆ ಒಂದು ನಿಯಮವಿದೆ. ಈಜುವವರು ದೋಣಿಯನ್ನಾಗಲಿ, ದೋಣಿಯಲ್ಲಿರುವವರನ್ನಾಗಲಿ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಬೆಚ್ಚಗಿನ ಸಕ್ಕರೆ ನೀರಿನ ಬಾಟಲಿಯ ಮುಚ್ಚಳ ತೆಗೆದು, ಹಗ್ಗದಲ್ಲಿ — ಹೀಗೆ — ಇಳಿಬಿಡುವುದು. ಕುಡಿದ ಮೇಲೆ ಎಳೆದುಕೊಳ್ಳುವುದು. ದೋಣಿಯೂ ಅವರನ್ನು ಬಿಟ್ಟು ಆಚೀಚೆ ಹೋಗುವಂತಿಲ್ಲ.

ಅವರ ದೊಡ್ಡ ಆಸೆ, ದ್ವೀಪದಿಂದ ನಮ್ಮ ದಡಕ್ಕೆ ಈಜುವುದು. ಆ ದಿನ ದಡ ಕಣ್ಣಿಗೆ ಕಾಣುತ್ತಿತ್ತು. ಟವೆಲ್ ಹಿಡಿದು ನಿಂತ ಮಗಳೂ ಕಾಣುತ್ತಿದ್ದಳು. ಅದು ಕೊನೆಯ ಬಾಟಲಿ. ಭಾವನಿಗೆ ಹೊಟ್ಟೆ ತೊಳಸುತ್ತಿತ್ತು. ಅವರಿಗೂ ಸಮುದ್ರಕ್ಕೂ ಎಣ್ಣೆ ಸೀಗೇಕಾಯಿ. ಮುಚ್ಚಳ ಕೈಜಾರಿ ನೀರಿಗೆ ಬಿತ್ತು. ಒಂದು ಕೆಂಪು ಮುಚ್ಚಳ — ಇಷ್ಟಗಲ.

"ಅಯ್ಯೋ, ಮುಚ್ಚಳ ರೀ!" ಅಂದರು ಅಕ್ಕ. ಗಾಳಿಗೆ ಅದು ಹಿಂದಕ್ಕೆ ಓಡುತ್ತಿತ್ತು.

"ಬಿಡಕ್ಕಾ, ಹಾಳಾಗಿ ಹೋಗ್ಲಿ! ನೀರು ತಿರುಗೋ ಹೊತ್ತಾಯ್ತು!" ಅಂತ ಅರಚಿದೆ.

"ಕಸ ಹಾಕ್ಬೇಡಿ ಅಂತ ಹೇಳೋಕೆ ಬಂದು ನಾವೇ ಹಾಕಿ ಹೋಗೋದಾ?" ಅಂದವರೇ ತಿರುಗಿದರು. ಹೋದರು, ಹಿಡಿದರು, ಟೋಪಿಯೊಳಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲಿ ಇಳಿತ ಶುರುವಾಗಿ, ನೀರು ದಡದಿಂದ ಹಿಂದಕ್ಕೆ ಎಳೆಯತೊಡಗಿತ್ತು. ಅಕ್ಕ ಕೈ ಬೀಸುತ್ತಲೇ ಇದ್ದರು — ಬೀಸುತ್ತಲೇ ಇದ್ದರು — ದಡ ಇದ್ದಲ್ಲೇ ಇತ್ತು. ಆಮೇಲೆ ದೂರ ಸರಿಯತೊಡಗಿತು. ತುಟಿ ನೀಲಿಯಾದದ್ದು ನೋಡಿ, ನಿಯಮ ನೋಡಿಕೊಳ್ಳಲು ದೋಣಿಯಲ್ಲಿದ್ದ ವೀಕ್ಷಕರು ಸಾಕು ಅಂದರು. ರಟ್ಟೆ ಹಿಡಿದು ಮೇಲೆತ್ತಿದವನು ನಾನೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಕ್ಕ ಗಡಗಡ ನಡುಗುತ್ತಾ ಆ ಮುಚ್ಚಳ ತೆಗೆದು ಭಾವನ ಮುಂದೆ ಹಿಡಿದು, "ನೋಡಿ ರಾಯರೇ, ಇನ್ನೊಂದ್ಸಲ ಬೀಳಿಸಿದ್ರೆ ನೀವೇ ಹಾರ್ಬೇಕು" ಅಂದರು. ನಾವೆಲ್ಲ ನಕ್ಕೆವು. ಭಾವ ನಗಲಿಲ್ಲ. ಅಂದಿನಿಂದ ಅವರು ಜೆಟ್ಟಿಯ ಕಡೆ ತಲೆ ಹಾಕಿಯೂ ಮಲಗಿಲ್ಲ.

ಅಕ್ಕ ಮತ್ತೆ ಈಜಬೇಕೆಂದಿದ್ದರು. ಕಾಯಿಲೆ ಬಿಡಲಿಲ್ಲ. ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ನನಗೆ ಹೇಳಿದರು: "ನನ್ನ ಕೈ ನೆಟ್ಟಗಿದ್ದಿದ್ರೆ ಅವಳು ದಡ ಮುಟ್ಟಿರ್ತಿದ್ಲು. ಅವಳ ಆಸೇನ ನಾನೇ ನೀರಿಗೆ ಹಾಕ್ದೆ." ಅದಕ್ಕೆ ಉತ್ತರ ಈಗ ಹೇಳುತ್ತೇನೆ, ಎಲ್ಲರ ಮುಂದೆ. ಭಾವ, ಕೇಳಿಸಿಕೊಳ್ಳಿ.

ಆ ಈಜಿಗೆ ಮುಂಚೆ ಅಕ್ಕ ಶಾಲೆಗಳಲ್ಲಿ ಮಾತಾಡಿದರೆ ಮಕ್ಕಳು ಆಕಳಿಸುತ್ತಿದ್ದರು. ಸುಳ್ಳೇಕೆ, ನಾನೂ ಆಕಳಿಸಿದ್ದೇನೆ. ಆಮೇಲೆ ಆ ಕೆಂಪು ಮುಚ್ಚಳ ಹಿಡಿದುಕೊಂಡು ಹೋಗತೊಡಗಿದರು.

"ದಡ ಸಿಕ್ತಾ ಆಂಟಿ?"

"ಇಲ್ಲ."

"ಇಷ್ಟಕ್ಕಾ?!"

"ಇಷ್ಟಕ್ಕೇ."

ಅಷ್ಟೇ ಭಾಷಣ. ಒಂದು ಮಗುವೂ ಆಕಳಿಸಲಿಲ್ಲ.

ಇನ್ನು ನಮ್ಮ ಮೀನುಗಾರರು — ಹಿಂದೆ ಕೂತಿದ್ದಾರೆ, ಸಿಟ್ಟಾದರೆ ಆಗಲಿ — ಯಾರ ಮಾತಿಗೂ ಜಗ್ಗುವ ಜನವಲ್ಲ. ಇವತ್ತು ಅವರ ಯಾವ ದೋಣಿಯನ್ನಾದರೂ ಹತ್ತಿ ನೋಡಿ: ಬಾಟಲಿಯ ಕುತ್ತಿಗೆಗೆ ಮುಚ್ಚಳ ದಾರದಲ್ಲಿ ಕಟ್ಟಿದೆ. ಕಟ್ಟಿದವರು ಅಕ್ಕ. ಭಾವ, ನಿಮ್ಮ ಅಂಗಡಿಯಲ್ಲಿ ಕೋಟಿನ ಗುಂಡಿ ಹೊಲಿಯುವ ಗಟ್ಟಿ ದಾರ ಮಾಯವಾಗುತ್ತಿದೆ ಅಂತ ಇಲಿಗಳನ್ನು ಬೈಯುತ್ತಿದ್ದಿರಲ್ಲ? ಇಲಿಯಲ್ಲ ಭಾವ. ಮೀನು.

"ಹೇಳ್ಬೇಡ ಕಣೋ, ಗೊತ್ತಾದ್ರೆ ಬಚ್ಚಿಡ್ತಾರೆ. ದೋಣಿ ಹತ್ತಿದ ದಿನ ಅವ್ರೇ ನೋಡ್ಲಿ" ಅಂದಿದ್ದರು. ನೀವು ಹತ್ತಲೇ ಇಲ್ಲ.

ದಡ ಮುಟ್ಟಿದ್ದರೆ ಒಂದು ಫಲಕ ಸಿಗುತ್ತಿತ್ತು, ಗೋಡೆಗೆ ತೂಗುಹಾಕುತ್ತಿದ್ದಿರಿ. ಅಕ್ಕ ಈಜಿದ್ದು ಫಲಕಕ್ಕಲ್ಲ. ಅವರಿಲ್ಲ ಅಂತ ನನಗೆ ತುಂಬಾ ದುಃಖವಿದೆ. ಆದರೆ ಒಂದು ಮಾತು — ಅವರಿಗೆ ಗಂಟು ಹಾಕುವುದು ಬರುತ್ತಿರಲಿಲ್ಲ. ಕಟ್ಟಿದ್ದೆಲ್ಲ ಸಡಿಲ, ಒಂದೊಂದೇ ಬಿಚ್ಚಿಕೊಳ್ಳುತ್ತಿದೆ. ನಾಳೆ ದಾರ ತೆಗೆದುಕೊಂಡು ಬನ್ನಿ, ಭಾವ. ದರ್ಜಿಯ ಕೈ ಬೇಕು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ಬಾಟಲಿ ಇಳಿಬಿಟ್ಟು, ಅಕ್ಕ ಕುಡಿದು, ಮತ್ತೆ ಎಳೆದುಕೊಳ್ಳುವಷ್ಟು ಹೊತ್ತು — ಮಾತಿಲ್ಲದೆ ನಿಲ್ಲೋಣ. ಭಾವ, ಏಳಿ, ನನ್ನ ಕೈ ಹಿಡಿದುಕೊಳ್ಳಿ. ಮುಟ್ಟಬಾರದು ಅನ್ನುವ ನಿಯಮ ಇಲ್ಲಿಲ್ಲ.