ಕರಟದಲ್ಲಿ ಉಳಿದ ಬೀಜ

ನಿಂತವರು ಕೂತ್ಕೊಳ್ಳಿ, ಕೂತವರು ಹತ್ತಿರ ಸರ್ಕೊಳ್ಳಿ. ಹೇಳೋದು ನನ್ನ ಪಾಲು, ಹೂಂಗುಟ್ಟೋದು ನಿಮ್ಮ ಪಾಲು. ನಿಮ್ಮ ಹೂಂ ನಿಂತ ಜಾಗದಲ್ಲಿ ಕಥೆಯೂ ನಿಲ್ತದೆ, ಆಮೇಲೆ ನನ್ನನ್ನ ಬೈಬೇಡಿ.

ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಆ ದಾರಿಯಲ್ಲಿ ನಡೆದಾಗ ನನಗೂ ಯಾರೂ ಹೇಳಲಿಲ್ಲ. ಅಲ್ಲೊಂದು ಹೊಳೆ, ಹೊಳೆಯ ನಡುವೆ ಬಂಡೆ, ಬಂಡೆಯ ಮೇಲೊಂದು ಊರು. ಊರು ಅಂದಮೇಲೆ ಒಂದು ಭಯ ಇರಬೇಕಲ್ಲ? ಈ ಊರಿಗೆ ಎರಡು.

ಮೊದಲನೇದು, ಕಮ್ಮಿ ಅನ್ನೋ ಮಾತಿನ ಭಯ. ಕಣದಲ್ಲಿ ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅಂತ ಶುರು ಮಾಡೋರು. ಅಕ್ಕಿ ಮುಗಿದರೆ ಹೆಚ್ಚೈತೆ ಅನ್ನೋರು. ದೀಪ ಆರಿಸೋರಲ್ಲ, ದೊಡ್ಡದು ಮಾಡೋರು. ಇದೆಲ್ಲ ನಮ್ಮಲ್ಲೂ ಉಂಟು ಅಂತೀರಾ? ಉಂಟು, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಬರಿದು ಅನ್ನೋ ಮಾತು ಬಾಯಿ ತಪ್ಪಿ ಬಂದರೆ ಉಗುಳಿ, ನೆಲ ಮುಟ್ಟಿ, ಕೈ ಮುಗಿಯಬೇಕಿತ್ತು.

ಎರಡನೇದು ಹೊಳೆಯ ಭಯ. ನೀರು ಏರಿದ ದಿನ ಹೊಳೆ ಮನುಷ್ಯರ ದನಿಯಲ್ಲಿ ಮಕ್ಕಳನ್ನ ಕರೀತದೆ ಅಂತ ನಂಬಿದ್ದರು. ಅದಕ್ಕೇ ತಾಯಂದಿರು ಮೊಲೆ ಬಿಡಿಸುವಾಗಲೇ ಹೇಳಿಕೊಡೋರು: ನೀರು ಕಂಡರೆ ಎತ್ತರ ಹತ್ತು, ಯಾರು ಕೂಗಿದರೂ ಓಗೊಡಬೇಡ, ನಾನೇ ಬಂದು ಮೈ ಮುಟ್ಟೋತನಕ ತುಟಿ ಬಿಚ್ಚಬೇಡ. ಈ ಮಾತು ಮರೀಬೇಡಿ. ಮುಂದೆ ಬೇಕಾಗ್ತದೆ.

ಬಂಡೆಯ ಮೇಲೆ ಮನೆ ಕಟ್ಟೋಕೇ ಜಾಗ ಸಾಲದು, ಇನ್ನು ಶಾಲೆ ಎಲ್ಲಿ? ಶಾಲೆ ಇದ್ದದ್ದು ಆಚೆ ದಡದ ಹಳೇ ಮಂಟಪದಲ್ಲಿ. ಮುಂದೆ ಹೊಳೆ, ಹಿಂದೆ ಹಳ್ಳ, ಪಕ್ಕದಲ್ಲಿ ಜೋಳದ ಹೊಲ. ಅಂಬಿಗರ ಜವರಯ್ಯ ದಿನಾ ಬೆಳಿಗ್ಗೆ ಮಕ್ಕಳನ್ನ ಹರಿಗೋಲಿನಲ್ಲಿ ದಾಟಿಸೋನು, ಸಂಜೆ ಮರಳಿ ತರೋನು. ಆ ಮಕ್ಕಳಿಗೆ ಅಕ್ಷರ, ಲೆಕ್ಕ ಕಲಿಸುತ್ತಿದ್ದವಳು ದೇವೀರಕ್ಕ. ಅವಳೂ ಅದೇ ಊರಿನವಳು, ಚಿಕ್ಕ ವಯಸ್ಸಿಗೇ ಗಂಡನನ್ನ ಇದೇ ಹೊಳೆಗೆ ಕೊಟ್ಟವಳು.

ಅವಳ ಪಾಠ ಹೇಗೆ? ಮಂಟಪದ ಮೆಟ್ಟಿಲ ಮೇಲೆ ಒಂದು ತೆಂಗಿನ ಕರಟ. ಬಂದ ಮಗು ಒಂದು ಹುಣಸೆ ಬೀಜ ಹಾಕಿ ಒಳಗೆ ಬರಬೇಕು. ಅಕ್ಕನೂ ತನ್ನದೊಂದು ಹಾಕೋಳು. ಇದ್ದದ್ದು ನಾಲ್ಕು, ಬಂದದ್ದು ಎರಡು, ಈಗ ಎಷ್ಟು? ಆರು, ಅಕ್ಕಾ! ಸಂಜೆ ಹೊರಡುವಾಗ ಒಬ್ಬೊಬ್ಬರೂ ತಮ್ಮ ಬೀಜ ತೆಗೆದುಕೊಂಡು ಹೊರಡಬೇಕು. ಇದ್ದದ್ದು ಆರು, ತೆಗೆದದ್ದು ಎರಡು, ಉಳಿದದ್ದು? ನಾಲ್ಕು, ಅಕ್ಕಾ! ದಿನಾ ಇದೇ. ಕೂಡೋದು ಬೆಳಿಗ್ಗೆ, ಕಳೆಯೋದು ಸಂಜೆ. ಮಕ್ಕಳು ನಿದ್ದೆಯಲ್ಲೂ ಉತ್ತರ ಕೊಡೋರಂತೆ.

ಈ ಸುದ್ದಿ ಪಟೇಲ ಚಿಕ್ಕತಮ್ಮಯ್ಯನ ಕಿವಿಗೆ ಬಿತ್ತು. ಎದ್ದ, ಹರಿಗೋಲು ಹತ್ತಿದ, ಬಂದು ಮೆಟ್ಟಿಲ ಮುಂದೆ ನಿಂತ.

"ಸೇರಿಸೋದು ಕಲಿಸು ತಾಯಿ, ನಿನ್ನ ಕೈಗೆ ಬಂಗಾರದ ಬಳೆ ಹಾಕ್ತೀನಿ. ತೆಗೆಯೋದು ಬೇಡ. ಅದು ಬರೀ ಬೀಜ ಅಲ್ಲ, ಮಗು ಹೆಸರಲ್ಲಿ ಬಿದ್ದಿರೋದು."

"ಮಗು ಮನೆಗೆ ಹೊರಟ ಮೇಲೆ ಬೀಜಕ್ಕೆ ಇಲ್ಲೇನು ಕೆಲಸ, ಪಟೇಲ್ರೇ?"

"ಹೊಳೆ ನೋಡ್ತಾ ಇರ್ತದಮ್ಮ. ದಿನಾ ಒಂದೊಂದೇ ತೆಗೆದು ತೋರಿಸಿದರೆ ಅದೂ ಕಲ್ತುಕೊಳ್ತದೆ."

ಇನ್ನೊಂದು ಸಲ ತೆಗೆದರೆ ಹರಿಗೋಲು ಈ ದಡಕ್ಕೇ ಬರೋಲ್ಲ ಅಂತ ಅಪ್ಪಣೆ ಕೊಟ್ಟು ಹೋದ. ಗಂಡನನ್ನ ಕಳಕೊಂಡವಳ ಮುಂದೆ ಹೊಳೆಯ ಮಾತು ಎತ್ತಿದರೆ ಅವಳಾದರೂ ಏನಂದಾಳು? ಶಾಲೆ ಉಳಿದರೆ ಸಾಕು ಅಂತ ತಲೆ ತಗ್ಗಿಸಿದಳು. ಅವತ್ತಿಂದ ಬರೀ ಕೂಡೋದು. ಸಂಜೆ ಮಕ್ಕಳು ಕರಟದ ಕಡೆ ನೋಡಿಕೊಂಡೇ ಹರಿಗೋಲು ಹತ್ತೋರು. ಅವಳು ಎಲ್ಲರನ್ನೂ ಕಳಿಸಿ, ಬೀಜವನ್ನೆಲ್ಲ ಒಂದೇ ಸಲಕ್ಕೆ ಮಡಿಲಿಗೆ ಸುರಿದುಕೊಳ್ಳೋಳು. ಕೈ ಮಾತ್ರ ತುರಿಸ್ತಾ ಇತ್ತು.

ಹೀಗಿರೋವಾಗ ಒಂದು ಮಧ್ಯಾಹ್ನ. ಇಲ್ಲಿ ಬಿಸಿಲು, ಮೇಲಿನ ಸೀಮೆಯಲ್ಲಿ ಮಳೆ. ಕೇಳಿ. ಹೊಳೆ ಮೊದಲು ಬಣ್ಣ ಬದಲಾಯಿಸ್ತು. ಆಮೇಲೆ ಸದ್ದು ಬದಲಾಯಿಸ್ತು. ಆಮೇಲೆ ಜಾಗ ಬದಲಾಯಿಸ್ತು. ಹಿಂದಿನ ಹಳ್ಳವೂ ಉಕ್ಕಿ ದಾರಿ ಮುಚ್ಚಿತು. ಇನ್ನುಳಿದದ್ದು ಹರಿಗೋಲು ಒಂದೇ.

ಜವರಯ್ಯ ಬಂದ, ತುಂಬಿಕೊಂಡ, ಹೋದ. ಮತ್ತೆ ಬಂದ, ತುಂಬಿಕೊಂಡ, ಹೋದ. ಮಕ್ಕಳ ಅಳು, ನೂಕಾಟ, ಯಾರ ಕೈ ಯಾರು ಹಿಡಿದರೋ. ದೇವೀರಕ್ಕ ಒಂದೊಂದು ಮಗುವನ್ನ ಎತ್ತಿ ಕೊಡುವಾಗಲೂ ಕರಟದಿಂದ ಒಂದು ಬೀಜ ತೆಗೆದು ಸೆರಗಿಗೆ ಹಾಕೋಳು. ಅಪ್ಪಣೆ ನೆನಪಿತ್ತು. ಆದರೂ ಕೈ ಕೇಳಲಿಲ್ಲ.

ಮೂರನೇ ಸಲ ಹರಿಗೋಲಿನಲ್ಲಿ ಪಟೇಲನೂ ಬಂದ. ಉಳಿದ ಮಕ್ಕಳು ಹತ್ತಿದರು. ದಡದಲ್ಲಿ ನಿಂತವಳು ಇನ್ನು ದೇವೀರಕ್ಕ ಒಬ್ಬಳೇ. ಕರಟದಲ್ಲಿ ಎಷ್ಟಿರಬೇಕು? ಹೇಳಿ ನೋಡೋಣ. ಅವಳದೊಂದು, ಅಲ್ವಾ?

ಎರಡಿತ್ತು.

ಕರಟ ಅಲ್ಲಾಡಿಸಿದಳು. ಎರಡೇ.

"ಒಂದು ಮಗು ಇಲ್ಲೇ ಐತೆ," ಅಂದಳು.

ಜವರಯ್ಯ ಹುಟ್ಟು ಒತ್ತಿ ಹಿಡಿದೇ ಗೊಣಗಿದ, ಎರಡು ಸಲವೂ ಹರಿಗೋಲು ತುಂಬಿತ್ತಲ್ಲ, ನಾನೇ ಕಣ್ಣಾರೆ ನೋಡಿದ್ದೀನಲ್ಲ ಅಂತ. ಎಣಿಸಿದೆಯಾ ಅಂತ ಕೇಳಿದಳು. ನೀರಿನ ಮೇಲೆ ತಲೆ ಎಣಿಸ್ತಾರಾ ಯಾರಾದರೂ ಅಂದ. ಆಚೆ ದಡಕ್ಕೆ ಕೂಗಿ ಕೇಳೋಣ ಅಂದರೆ ಹೊಳೆಯ ಮೊರೆತದಲ್ಲಿ ದನಿ ಅರ್ಧ ಹೊಳೆಯನ್ನೂ ದಾಟದು.

ಪಟೇಲನ ಕಣ್ಣು ಅವಳ ಸೆರಗಿನ ಗಂಟಿನ ಮೇಲೆ ಬಿತ್ತು. ಮುಖ ಕಪ್ಪಾಯ್ತು.

"ತೆಗೆದೆಯಾ? ಇಂಥಾ ದಿನ ತೆಗೆದೆಯಾ? ಬೆಳಿಗ್ಗೆ ಯಾವುದೋ ಮಗು ಎರಡು ಹಾಕಿರ್ತದೆ. ಹತ್ತು ಸುಮ್ನೆ. ಒಂದು ಬೀಜಕ್ಕೋಸ್ಕರ ಇಷ್ಟು ಮಕ್ಕಳನ್ನ ಮುಳುಗಿಸ್ತೀಯಾ?"

ಅವನ ಮಾತೂ ಸುಳ್ಳಲ್ಲ. ಹರಿಗೋಲು ಬುಗುರಿ ಥರ ತಿರುಗ್ತಿತ್ತು. ಮಗು ಎರಡು ಹಾಕಿದ್ದರೆ? ಅವಳೇ ಒಂದು ತೆಗೆಯೋದು ಮರೆತಿದ್ದರೆ? ನೀರು ಮೊಣಕಾಲಿಗೆ ಬಂದಿತ್ತು. ಅವಳು ಕರಟ ಎತ್ತಿ ಹಿಡಿದಳು.

"ನಾನು ಹತ್ತಿದರೆ ಇದು ಬರಿದಾಗಬೇಕು ಪಟೇಲ್ರೇ. ಆಗಲ್ಲ. ನಾನು ಹತ್ತಲ್ಲ."

ಬರಿದು ಅಂದುಬಿಟ್ಟಳು. ಉಗುಳಲಿಲ್ಲ, ನೆಲ ಮುಟ್ಟಲಿಲ್ಲ. ಮುಟ್ಟೋಕೆ ನೆಲವಾದರೂ ಎಲ್ಲಿತ್ತು?

ತಿರುಗಿ ಓಡಿದಳು. ಮಂಟಪದ ಕಂಬ ಕಂಬವನ್ನೂ ಸುತ್ತಿದಳು. ಯಾರಿದ್ದೀರವ್ವಾ ಅಂತ ಕೂಗಿದಳು. ಸದ್ದಿಲ್ಲ. ಹೊಲದ ಕಡೆ ತಿರುಗಿ, ಬಾ ನನ್ನ ಕಂದಾ ಅಂತ ಕೂಗಿದಳು. ಸದ್ದಿಲ್ಲ. ಹೆಸರು ಹಿಡಿದು ಕರೆಯೋಣ ಅಂದರೆ ಯಾರ ಹೆಸರು? ಉಳಿದವರು ಎಷ್ಟು ಅಂತ ಬೀಜ ಹೇಳ್ತದೆ, ಯಾರು ಅಂತ ಹೇಳೋಲ್ಲವಲ್ಲ.

ಆಗ ಅವಳಿಗೆ ಹೊಳೀತು. ಯಾರು ಕೂಗಿದರೂ ಓಗೊಡಬೇಡ ಅಂತ ತಾಯಿ ಹೇಳಿದ್ದಾಳೆ. ಈ ಹೊತ್ತಿಗೆ ತನ್ನ ದನಿಯೂ ಹೊಳೆಯ ದನಿಯೇ. ಹಾಗಾದರೆ ಕೂಗೋದು ಹೇಗೆ?

ದೇವೀರಕ್ಕ ನಿಂತಳು. ಉಸಿರು ಎಳೆದುಕೊಂಡಳು. ಸಂಜೆ ಮೆಟ್ಟಿಲ ಮೇಲೆ ಕೂತು ಕೇಳ್ತಿದ್ದಳಲ್ಲ, ಅದೇ ರಾಗ, ಅದೇ ನಿಧಾನ.

"ಕರಟದಲ್ಲಿ ಇದ್ದದ್ದು ಎರಡು. ತೆಗೆದದ್ದು ಒಂದು. ಉಳಿದದ್ದು?"

ಹೊಳೆ ಮೊರೀತು. ಜೋಳ ಸುಯ್ ಅಂತು. ಹೊಲದ ನಡುವೆ, ಹಕ್ಕಿ ಕಾಯೋ ಅಟ್ಟಣೆಯ ಹುಲ್ಲೊಳಗಿಂದ ಒಂದು ಸಣ್ಣ ದನಿ ಬಂತು.

"ಒಂದು, ಅಕ್ಕಾ."

ಸಾಕಿ. ಎಲ್ಲರಿಗಿಂತ ಚಿಕ್ಕವಳು. ನೀರು ಕಂಡ ಕೂಡಲೇ ತಾಯಿ ಹೇಳಿದಂತೆ ಎತ್ತರ ಹತ್ತಿ ತುಟಿ ಕಚ್ಚಿ ಕೂತಿದ್ದಳು. ಅಟ್ಟಣೆಯ ಒಂದು ಕಾಲು ಆಗಲೇ ಕಿತ್ತು ಹೋಗಿತ್ತು. ಏಣಿ ತೇಲಿ ಹೋಗಿತ್ತು. ದೇವೀರಕ್ಕನಿಗೆ ಕೈ ಎಟುಕಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ನೀರು ಸೀಳಿಕೊಂಡು ಬಂದರು. ಬಂದು, ಬಗ್ಗಿ, ಹತ್ತು ನನ್ನ ಭುಜದ ಮೇಲೆ ಅಂತ ಸನ್ನೆ ಮಾಡಿದರು. ಯಾರು? ಪಟೇಲ ಚಿಕ್ಕತಮ್ಮಯ್ಯ.

ಮಗುವನ್ನ ಇಳಿಸಿಕೊಂಡು ಅವರು ಹರಿಗೋಲು ಮುಟ್ಟೋದಕ್ಕೂ ಅಟ್ಟಣೆ ಮಗುಚೋದಕ್ಕೂ ಸರಿಹೋಯ್ತು.

ನಡುಹೊಳೆಯಲ್ಲಿ ಪಟೇಲ ಸಾಕಿಯನ್ನ ಮಡಿಲಿಗೆ ಒತ್ತಿಕೊಂಡು ಕೇಳಿದ, ಅಷ್ಟು ಸಲ ಕೂಗಿದರೂ ಓಗೊಡದವಳು ಆಮೇಲೆ ಯಾಕೆ ಬಾಯಿ ಬಿಟ್ಟೆ ಕಂದಾ?

"ಹೊಳೆಗೆ ಲೆಕ್ಕ ಬರಲ್ಲವಲ್ಲ, ತಾತಾ."

ಪಟೇಲ ದೇವೀರಕ್ಕನ ಕೈಯಿಂದ ಕರಟ ಇಸಕೊಂಡ. ಒಂದು ಬೀಜ ತೆಗೆದು ಸಾಕಿಯ ಅಂಗೈಗೆ ಇಟ್ಟ. ಇನ್ನೊಂದು ತೆಗೆದು ದೇವೀರಕ್ಕನ ಅಂಗೈಗೆ ಇಟ್ಟ. ಆಮೇಲೆ ಬಂಡೆಯ ಅಂಚಿನಲ್ಲಿ ಎದೆ ಬಡಕೊಂಡು ನಿಂತಿದ್ದ ಸಾಕಿಯ ತಾಯಿಗೆ ಕಾಣೋ ಹಾಗೆ ಕರಟವನ್ನ ಮೇಲೆತ್ತಿ ಬೋರಲು ಹಿಡಿದ.

"ಬರಿದು ಕಣವ್ವಾ," ಅಂದ. "ಬರಿದಾಯ್ತು."

ಆ ಊರಿನಲ್ಲಿ ಇವತ್ತಿಗೂ ಅಕ್ಕಿ ಹೆಚ್ಚೈತೆ ಅಂತಾರೆ, ದೀಪ ದೊಡ್ಡದು ಮಾಡ್ತಾರೆ, ರಾಗಿಯನ್ನ ಲಾಭದಿಂದಲೇ ಅಳೀತಾರೆ. ಆದರೆ ಸಂಜೆಯಾದರೆ ತಾಯಂದಿರು ಬಂಡೆಯ ಅಂಚಿಗೆ ಬಂದು, ಕರಟ ಏನಾಯ್ತು ಅಂತ ಕೂಗ್ತಾರೆ. ಕಡೇ ಹರಿಗೋಲಿನಿಂದ ಮಕ್ಕಳೆಲ್ಲ ಒಟ್ಟಿಗೆ, ಬರಿದು ಅಂತಾರೆ. ಆ ಮಾತು ಕಿವಿಗೆ ಬಿದ್ದ ಮೇಲೇ ಒಲೆ ಹಚ್ಚೋದು.

ಕಥೆ ನನ್ನ ಕರಟದಲ್ಲಿತ್ತು, ತೆಗೆದು ನಿಮ್ಮದಕ್ಕೆ ಹಾಕಿದ್ದೀನಿ. ನನ್ನದು ಬರಿದು. ಇನ್ನು ಎದ್ದು ಮನೆಗೆ ಹೊರಡಿ, ಹೊರಡೋ ಮುಂಚೆ ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಒಂದು ಸಲ ನೋಡಿಕೊಳ್ಳಿ.